ಹಳೇ ಉರಾಲ್‌ಗೆ ಜೂರಾಕನ್ ಕೂರಿಸಿದ ಮೀಟರು

ಬೇಸಗೆ ಮುಗಿಯುತ್ತಾ ಬಂದ ಭಾನುವಾರವೊಂದರ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೆಟ್ಟಗಳ ನಡುವಿನ ಆತ್-ಬಾಶಿ ಊರಿನ ಕುರಿಸಂತೆಯಲ್ಲಿ ಪ್ರಾಣಿಗಳ ಉಸಿರು ಹೊಗೆಯ ಹಾಗೆ ಏಳುತ್ತಿದೆ. ಕೊಳ್ಳುವವರು ಕುರಿಯ ಬೆನ್ನು ಹಿಚುಕಿ ನೋಡುತ್ತಿದ್ದಾರೆ, ಮಾರುವವರು ಮುಖ ಗಂಟಿಕ್ಕಿಕೊಂಡು ನಿಂತಿದ್ದಾರೆ. ಸಂತೆಯ ಗೇಟಿನ ಪಕ್ಕದಲ್ಲೊಂದು ನೀಲಿ ಕಬ್ಬಿಣದ ಕಂಟೇನರ್. ಅದರ ಮುಂದೆ ಹಳೇ ಕಂಬಳಿ ತುಂಡಿನ ಮೇಲೆ ಮಂಡಿಯೂರಿದ ಹೆಂಗಸೊಬ್ಬರು ಮೋಟಾರ್ ಸೈಕಲ್ಲಿನ ಮುಂದಿನ ಟಯರಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ. ಗೆರೆ ಸರಿಯಾಗಿ ನೆಲ ಮುಟ್ಟುವಂತೆ ಗಾಡಿ ನಿಲ್ಲಿಸಿ, ಸೀಟಿನ ಮೇಲೆ ಎರಡು ಸಲ ತಟ್ಟುತ್ತಾರೆ. ಗಾಡಿಯ ಯಜಮಾನ ತೊಕ್ತೊಸುನ್ ಅರ್ಥವಾಗದವರಂತೆ ನೋಡಿ, ಆಮೇಲೆ ಹತ್ತಿ ಕೂರುತ್ತಾರೆ.

"ನೀನೂ ಕೂತ್ಕೋ," ಎಂದು ಅವರ ಹೆಂಡತಿ ಬಾತ್ಮಾಗೆ ಪಕ್ಕದ ಸೈಡ್‌ಕಾರ್ ತೋರಿಸುತ್ತಾರೆ.

"ಮೀಟರ್ ಹಾಕೋಕೆ ನಾನ್ಯಾಕೆ ಎಜೆ? ಸಂತೆಯೆಲ್ಲ ನೋಡ್ತಿದೆ."

"ಭಾರ ಬಿದ್ರೆ ಟಯರು ಕುಗ್ಗುತ್ತೆ. ಖಾಲಿ ಗಾಡಿ ಅಳತೆ ತಗೊಂಡ್ರೆ ಮೀಟರು ಸುಳ್ಳು ಹೇಳುತ್ತೆ. ಕೂತ್ಕೋ, ನಿನ್ನ ತೂಕ ಯಾರಿಗೂ ಹೇಳಲ್ಲ."

ಬಾತ್ಮಾ ನಗುತ್ತಾ ಹತ್ತುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಕುರುಬರನ್ನು ಕರೆದು ಗಾಡಿ ತಳ್ಳಿಸುತ್ತಾರೆ ಆ ಹೆಂಗಸು. ಚಕ್ರ ಒಂದು ಸುತ್ತು ಉರುಳಿ ಸೀಮೆಸುಣ್ಣದ ಗೆರೆ ಮತ್ತೆ ನೆಲ ಮುಟ್ಟಿದ ಕೂಡಲೇ "ಹಾಂ, ನಿಲ್ಸಿ!" ಎಂದು ಕೂಗಿ, ನೆಲದ ಮೇಲಿನ ಎರಡು ಗುರುತುಗಳ ನಡುವೆ ಟೇಪು ಹಿಡಿಯುತ್ತಾರೆ. ಹೊಸ ಡಿಜಿಟಲ್ ಮೀಟರಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದೇ: ನಿನ್ನ ಚಕ್ರ ಒಂದು ಸುತ್ತು ಸುತ್ತಿದರೆ ಇಷ್ಟು ದೂರ.

ಇವರು ಜೂರಾಕನ್. ಊರಿನವರ ಬಾಯಲ್ಲಿ ಜೂರಾಕನ್ ಎಜೆ, ಅಂದರೆ ಜೂರಾಕನಕ್ಕ. ಆತ್-ಬಾಶಿಯಿಂದ ನರಿನ್‌ವರೆಗೆ, ಆಚೆ ಗಡಿಯ ಕಡೆಯ ಹುಲ್ಲುಗಾವಲುಗಳವರೆಗೆ, ಅಪ್ಪನ ಕಾಲದ ಮೋಟಾರ್ ಸೈಕಲ್ ಇಟ್ಟುಕೊಂಡಿರುವವರಿಗೆಲ್ಲ ಈ ನೀಲಿ ಕಂಟೇನರ್ ಗೊತ್ತು. ಮಕ್ಕಳು ಆಟವಾಡುತ್ತಾ ಮುಳ್ಳು ಮುರಿದ ಮೀಟರು, ಒಳಗಿನ ಹಲ್ಲು ಸವೆದ ಮೀಟರು, ಕೇಬಲ್ ತುಂಡಾಗಿ ವರ್ಷಗಳಿಂದ ಸೊನ್ನೆಯಲ್ಲೇ ಮಲಗಿರುವ ಮೀಟರು, ಎಲ್ಲವೂ ಇಲ್ಲಿಗೇ ಬರುತ್ತವೆ. ರಿಪೇರಿಯಾಗುವುದನ್ನು ರಿಪೇರಿ ಮಾಡುತ್ತಾರೆ. ಆಗದಿದ್ದರೆ ಅಂಗೈಯಗಲದ ಡಿಜಿಟಲ್ ಮೀಟರು ಕೂರಿಸುತ್ತಾರೆ. ಎಂಜಿನ್ ಮಾತ್ರ ಮುಟ್ಟುವುದಿಲ್ಲ.

"ಎಂಜಿನ್ ಗಂಡಸರದ್ದೇ ಇರ್ಲಿ," ಎನ್ನುತ್ತಾರೆ. "ಅವರು ಎಷ್ಟು ಜೋರಾಗಿ ಓಡಿಸ್ತಿದಾರೆ ಅಂತ ಹೇಳೋಕೆ ಒಬ್ಬಳು ಹೆಂಗಸು ಬೇಕಲ್ಲ, ಅದು ನಾನು."

ನಾನು ಈ ಊರಿಗೆ ಬಂದು ನೆಲೆಸಿದ ಹೊಸತರಲ್ಲಿ ಅವರನ್ನು ಸಂತೆಯ ಚಹಾದಂಗಡಿಯವರೆಂದೇ ತಿಳಿದಿದ್ದೆ. ಕಂಟೇನರಿನ ಮುಂದೆ ಸದಾ ಕೆಟಲ್ ಕುದಿಯುತ್ತಿರುತ್ತದೆ, ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಬೋರ್ಸೋಕ್, ಇರುತ್ತವೆ, ಸುತ್ತ ನಾಲ್ಕು ಜನ ಗಂಡಸರು ಕೂತಿರುತ್ತಾರೆ. ಕೂತವರು ಚಹಾಕ್ಕಾಗಿ ಬಂದವರಲ್ಲ, ತಮ್ಮ ಗಾಡಿಗೆ ಈ ಹೆಂಗಸು ಏನು ಮಾಡುತ್ತಾರೋ ಎಂದು ಕಾವಲು ಕೂತವರು ಎಂದು ಆಮೇಲೆ ತಿಳಿಯಿತು.

ಕೆಲಸ ಕಲಿತದ್ದು ಬಸ್ ಡಿಪೋದಲ್ಲಿ, ಮೀಟರು ರಿಪೇರಿಯ ಮೇಜಿನ ಮುಂದೆ, ಹುಡುಗಿಯಾಗಿದ್ದಾಗ. ಡಿಪೋ ಮುಚ್ಚಿತು. ಕೆಲವು ವರ್ಷ ರಾಜಧಾನಿ ಬಿಶ್ಕೆಕ್‌ನ ದೊಡ್ಡ ಬಜಾರಿನಲ್ಲಿ ಚಳಿಗಾಲದ ಕೋಟು ಮಾರಿದರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದರು. ತಾಯಿ ತೀರಿಕೊಂಡ ಮೇಲೆ ವಾಪಸ್ ಹೋಗಲು ಮನಸ್ಸಾಗಲಿಲ್ಲ. "ಕೋಟು ಮಾರುವಾಗ ದಿನವಿಡೀ ಸುಳ್ಳು ಹೇಳ್ಬೇಕಿತ್ತು. ನಿಮಗೆ ಚೆನ್ನಾಗಿ ಒಪ್ಪುತ್ತೆ, ನಿಮಗೆ ಚೆನ್ನಾಗಿ ಒಪ್ಪುತ್ತೆ ಅಂತ. ಮೀಟರಿನ ಮುಂದೆ ಹಾಗಿಲ್ಲ. ಅದು ಸರಿ ಇರುತ್ತೆ, ಇಲ್ಲಾ ತಪ್ಪಿರುತ್ತೆ."

ಮೊದಲ ಡಿಜಿಟಲ್ ಮೀಟರನ್ನು ಸುಟ್ಟು ಹಾಕಿದ್ದನ್ನು ಅವರೇ ನಗುತ್ತಾ ಹೇಳುತ್ತಾರೆ. ಮೀಟರಿಗೆ ಬೇಕೆಂದು ಆರು ವೋಲ್ಟಿನ ಮುದಿ ಗಾಡಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ ಹಾಕಿದರಂತೆ. ಮೀಟರಿಗೆ ಏನೂ ಆಗಲಿಲ್ಲ, ಗಾಡಿಯ ದೀಪಗಳೆಲ್ಲ ಢಬ್ ಎಂದವು. ಗಾಬರಿಯಲ್ಲಿ ವೈರು ಎಳೆದಾಗ ಮೀಟರೂ ಹೋಯಿತು. ಈಗ ಅಂಥ ಗಾಡಿಗೆ ಮೀಟರಿಗಷ್ಟೇ ಸೀಟಿನಡಿ ಒಂದು ಪುಟ್ಟ ಬ್ಯಾಟರಿ ಇಡುತ್ತಾರೆ.

ಅದಕ್ಕಿಂತ ಕಷ್ಟವಾದದ್ದು ಅಣ್ಣ ಮಾತು ಬಿಟ್ಟದ್ದು. ಸಂತೆಯಲ್ಲಿ ಗಂಡಸರ ನಡುವೆ ಕೂತು ಕೈಗೆ ಗ್ರೀಸ್ ಬಳಿದುಕೊಳ್ಳುವ ತಂಗಿ ತನಗೆ ಬೇಡ ಎಂದಿದ್ದರು. ಕಂಟೇನರಿನ ಮುಂದೆಯೇ ಹಾದುಹೋಗುತ್ತಿದ್ದರು, ಕತ್ತು ಮಾತ್ರ ಈ ಕಡೆ ತಿರುಗುತ್ತಿರಲಿಲ್ಲ. ಒಂದು ಚಳಿಗಾಲ ಅವರ ಗಾಡಿಯ ಮೀಟರೂ ದೀಪವೂ ಒಟ್ಟಿಗೆ ಕೈಕೊಟ್ಟವು. ಬಂದರು. ನೆಲ ನೋಡುತ್ತಾ "ಇದನ್ನ ನೋಡು" ಎಂದರು, ಅಷ್ಟೇ. ಜೂರಾಕನ್ ನೋಡಿದರು, ಸರಿಮಾಡಿದರು. ಅಣ್ಣ ಮೂರು ಬಟ್ಟಲು ಚಹಾ ಕುಡಿದು ಹೋದರು. "ಕ್ಷಮಿಸು ಅಂತ ಬಾಯಲ್ಲಿ ಬರೋ ಜಾತಿ ಅಲ್ಲ ಅವನು. ಮೂರನೇ ಬಟ್ಟಲು ಕೇಳಿದಾಗಲೇ ನನಗೆ ಗೊತ್ತಾಯ್ತು."

ಈ ಭಾನುವಾರದ ಕೆಲಸ ಬೇರೆ ತರಹದ್ದು. ತೊಕ್ತೊಸುನ್ ಜೇನು ಸಾಕುವವರು. ಬೇಸಗೆಯಲ್ಲಿ ಅವರ ಪೆಟ್ಟಿಗೆಗಳು ಬೆಟ್ಟದ ಮೇಲಿರುತ್ತವೆ, ಅಲ್ಲಿಗೆ ಹೋಗುವುದು ಅಪ್ಪನಿಂದ ಬಂದ ಈ ಉರಾಲ್ ಗಾಡಿಯಲ್ಲಿ. ಕಳೆದ ಚಳಿಗಾಲದ ಜ್ವರ ಅವರ ಎರಡೂ ಕಿವಿಗಳನ್ನು ಒಯ್ದಿತು. ಈಗ ಎದುರಿಗಿರುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ, ತಮ್ಮ ದನಿ ತಮಗೇ ಕೇಳದ್ದರಿಂದ ಸಂತೆಗೆಲ್ಲ ಕೇಳುವಂತೆ ಮಾತಾಡುತ್ತಾರೆ.

"ಈ ಗಾಡೀಲಿ ಮೀಟರು ಯಾವತ್ತು ಕೆಲಸ ಮಾಡ್ತಿತ್ತು?" ಎಂದು ಅವರು ಗುಡುಗುತ್ತಾರೆ. "ಅದರ ಸದ್ದೇ ನನ್ನ ಮೀಟರು. ಜೇನೂ ಹಾಗೇ. ಪೆಟ್ಟಿಗೆ ಹತ್ರ ಹೋದ್ರೆ ಒಳಗಡೆ ಸಿಟ್ಟಲ್ಲಿದಾವೋ ಸುಖವಾಗಿದಾವೋ ಸದ್ದಲ್ಲೇ ಗೊತ್ತಾಗ್ತಿತ್ತು. ಎರಡೂ ಒಂದೇ ಸಲ ಹೋದವು."

ಜೂನ್‌ನಲ್ಲಿ ಕಿಜಿಲ್-ಬೆಲ್ ಕಣಿವೆ ಇಳಿಯುವಾಗ ನಿಧಾನವಾಗಿಯೇ ಹೋಗುತ್ತಿದ್ದೇನೆ ಎಂದುಕೊಂಡಿದ್ದರು. ಸೈಡ್‌ಕಾರಿನಲ್ಲಿ ಬಾತ್ಮಾ ಕೂಗುತ್ತಲೇ ಇದ್ದರು. ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ತೊಕ್ತೊಸುನ್‌ಗೆ ಏನೂ ಆಗಲಿಲ್ಲ, ಬಾತ್ಮಾರ ಕೈ ಮುರಿಯಿತು. ಅವತ್ತಿನಿಂದ ತೊಕ್ತೊಸುನ್ ಗಾಡಿ ಮುಟ್ಟಿಲ್ಲ. ಬೆಟ್ಟಕ್ಕೆ ನಡೆದು ಹೋಗುತ್ತಾರೆ, ಅರ್ಧ ಪೆಟ್ಟಿಗೆಗಳನ್ನು ನೋಡುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ. ಇಂದು ಗಾಡಿ ಮಾರುವುದೆಂದು ತೀರ್ಮಾನಿಸಿ, ನರಿನ್‌ನ ಹಳೇ ಗಾಡಿ ವ್ಯಾಪಾರಿ ಕಸಿಮಾಲಿಗೆ ಸಂತೆಗೆ ಬರಹೇಳಿದ್ದಾರೆ. ಬಾತ್ಮಾ ಗಂಡನಿಗಿಂತ ಮೊದಲೇ ಎದ್ದು, ಕಸಿಮಾಲಿ ಬರುವ ಮುಂಚೆ ಗಾಡಿಯನ್ನು ಇಲ್ಲಿಗೆ ಎಳೆಸಿದ್ದಾರೆ.

"ನಿನ್ನ ಕೈ ಮುರಿದ ಗಾಡಿ ಇದು, ಮನೇಲಿ ಬೇಡ!" ತೊಕ್ತೊಸುನ್ ಮತ್ತೆ ಗುಡುಗುತ್ತಾರೆ.

ಬಾತ್ಮಾ ಅವರ ಗದ್ದ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸುತ್ತಾರೆ. "ಮುರಿದದ್ದು ನನ್ನ ಕೈ. ಮಾರೋಕೆ ನೀನ್ಯಾರು?"

ಅಷ್ಟರಲ್ಲಿ ಜೂರಾಕನ್ ಚಕ್ರದ ಕಡ್ಡಿಗಳ ಬುಡದಲ್ಲಿ ಗುಂಡಿಯಷ್ಟು ಚಿಕ್ಕ ಅಯಸ್ಕಾಂತ ಕೂರಿಸಿ, ಅದರೆದುರಿಗೆ ಫೋರ್ಕಿನ ಮೇಲೆ ಸೆನ್ಸರ್ ಬಿಗಿಯುತ್ತಾರೆ. ಎರಡರ ನಡುವೆ ಬೆಂಕಿಕಡ್ಡಿ ತೂರುವಷ್ಟೇ ಜಾಗ. ಅಯಸ್ಕಾಂತ ಎದುರಿಗೆ ಹಾದಾಗಲೆಲ್ಲ ಮೀಟರು ಒಂದು ಸುತ್ತು ಎಣಿಸುತ್ತದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಕಿವಿಗೊಟ್ಟು ಕೇಳುತ್ತಾರೆ. ವೈರನ್ನು ಹ್ಯಾಂಡಲ್ ಪೂರ್ತಿ ತಿರುಗಿದರೂ ಬಿಗಿಯಾಗದಂತೆ ಸಡಿಲ ಬಿಟ್ಟು ಕಟ್ಟುತ್ತಾರೆ. ಅಪ್ಪನ ಕಾಲದ ಮುಳ್ಳಿನ ಮೀಟರನ್ನು ಕಿತ್ತೆಸೆಯುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಹೊಸದು ಹ್ಯಾಂಡಲ್ಲಿನ ಮೇಲೆ ಬರುತ್ತದೆ.

"ನನಗೂ ಕಾಣೋ ಹಾಗೆ ಸ್ವಲ್ಪ ಈ ಕಡೆ ತಿರುಗ್ಸು ಎಜೆ," ಎನ್ನುತ್ತಾರೆ ಬಾತ್ಮಾ. "ಇವನಿಗೆ ಕೂಗು ಕೇಳಲ್ಲ. ಮೊಣಕಾಲಿಗೆ ಗುದ್ದು ಬಿದ್ರೆ ಗೊತ್ತಾಗುತ್ತೆ."

ಗಾಡಿ ಚಾಲೂ ಆಗುತ್ತದೆ. ನಿಂತ ಜಾಗದಲ್ಲೇ ಮೀಟರಿನಲ್ಲಿ ಎಂಬತ್ತೇಳು, ಆಮೇಲೆ ಹನ್ನೆರಡು, ಆಮೇಲೆ ನೂರರ ಮೇಲೆ. ಸರಿಯಾಗಿ ಆ ಹೊತ್ತಿಗೇ ಕಸಿಮಾಲಿ ಕಾರಿನಿಂದ ಇಳಿದು ಬರುತ್ತಾರೆ.

"ಅಬ್ಬಾ! ನಿಂತಲ್ಲೇ ಇಷ್ಟು ಓಡುತ್ತೆ ಅಂದ್ರೆ ನಾನು ಇವತ್ತೇ ಕೊಂಡ್ಕೋತೀನಿ. ಪೆಟ್ರೋಲೂ ಉಳಿಯುತ್ತೆ."

ಕಾವಲು ಕೂತ ಗಂಡಸರೆಲ್ಲ ನಗುತ್ತಾರೆ. ತೊಕ್ತೊಸುನ್‌ಗೆ ನಗೆಯ ಸದ್ದು ಕೇಳದಿದ್ದರೂ ಹಲ್ಲುಗಳು ಕಾಣುತ್ತವೆ. ಅವರು ಎಂಜಿನ್ ಆರಿಸಿ, ಕೀ ತೆಗೆದು ಕಸಿಮಾಲಿಯತ್ತ ಚಾಚುತ್ತಾರೆ. ಕೈ ಮುರಿದಾಗಲೂ ಬಾತ್ಮಾರ ಮುಖ ಹೀಗೆ ಬಾಡಿರಲಿಕ್ಕಿಲ್ಲ.

ಜೂರಾಕನ್ ಎದ್ದು ಆ ಕೀಯನ್ನು ನಡುವೆಯೇ ಕಿತ್ತುಕೊಂಡು ತಮ್ಮ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಾರೆ. "ತಪ್ಪು ನಂದು, ಗಾಡೀದಲ್ಲ. ಕಸಿಮಾಲಿ, ನೀನು ಕೂತ್ಕೊಂಡು ಚಹಾ ಕುಡಿ. ಕುಡಿಯುವಾಗ ಬಾಯಿ ಮುಚ್ಚಿರುತ್ತೆ."

ಆತುರದಲ್ಲಿ ಮೀಟರಿನ ವೈರನ್ನು ಟ್ಯಾಂಕಿನಡಿ ಕಿಡಿ ಹುಟ್ಟಿಸುವ ಕಾಯಿಲ್ ಪಕ್ಕದಲ್ಲೇ ಹಾಯಿಸಿದ್ದರು. ಎಂಜಿನ್ನಿನ ಪ್ರತಿ ಕಿಡಿಯನ್ನೂ ಮೀಟರು ಚಕ್ರದ ಸುತ್ತೆಂದು ಎಣಿಸುತ್ತಿತ್ತು. ಕಟ್ಟಿದ್ದನ್ನೆಲ್ಲ ಬಿಚ್ಚಿ, ವೈರನ್ನು ಆಚೆ ಬದಿಯಿಂದ ದೂರ ಎಳೆದು, ಕಿಡಿಯ ಗದ್ದಲ ತಡೆಯುವ ಬೇರೆ ಕ್ಯಾಪ್‌ಗಳನ್ನು ಪ್ಲಗ್‌ಗಳಿಗೆ ತೊಡಿಸುತ್ತಾರೆ. ಬೆರಳುಗಳು ಚಳಿಗೆ ಮರಗಟ್ಟಿವೆ. ನಡುನಡುವೆ ಕೆಟಲ್ಲಿಗೆ ಅಂಗೈ ಒತ್ತಿ ಮತ್ತೆ ಶುರು ಮಾಡುತ್ತಾರೆ. ಜೇಬಿನ ಕೀ ಹೊರಬರುತ್ತದೆ, ಗಾಡಿ ಚಾಲೂ. ಮೀಟರಿನಲ್ಲಿ ಸೊನ್ನೆ. ತೊಕ್ತೊಸುನ್ ಆಕ್ಸಿಲರೇಟರ್ ತಿರುವುತ್ತಾರೆ, ಸಂತೆಯ ಕುರಿಗಳು ಬೆದರುತ್ತವೆ. ಸೊನ್ನೆ ಕದಲುವುದಿಲ್ಲ.

"ಈಗ ಓಡಿಸ್ನೋಡಿ ಬಾಯ್ಕೆ," ಎಂದು ಜೂರಾಕನ್ ತುಟಿ ಬಿಡಿಸಿ ಬಿಡಿಸಿ ಹೇಳುತ್ತಾರೆ. ಬಾಯ್ಕೆ ಎಂದರೆ ಅಣ್ಣ.

ತೊಕ್ತೊಸುನ್ ಹತ್ತುತ್ತಾರೆ. ಬಾತ್ಮಾ ಸೈಡ್‌ಕಾರಿಗೆ ಕಾಲಿಟ್ಟದ್ದೇ ತಡ, ತೊಕ್ತೊಸುನ್ ಇಳಿದುಬಿಡುತ್ತಾರೆ. "ಅವಳು ಬೇಡ. ಅವಳನ್ನ ಕೂರ್ಸ್ಕೊಂಡು ನಾನು ಹೋಗಲ್ಲ."

ಬಾತ್ಮಾ ಇಳಿಯುವುದಿಲ್ಲ. ಜೂರಾಕನ್ ಇಬ್ಬರನ್ನೂ ನೋಡಿ, ತೊಕ್ತೊಸುನ್‌ರ ಎದುರಿಗೆ ಬಂದು ನಿಂತು ಹೇಳುತ್ತಾರೆ: "ಅವಳನ್ನ ಕೂರ್ಸೇ ಅಳತೆ ತಗೊಂಡಿರೋದು. ಅವಳಿಲ್ದೆ ಹೋದ್ರೆ ಮೀಟರು ತಪ್ಪು ತೋರ್ಸುತ್ತೆ."

ತೊಕ್ತೊಸುನ್ ಬಹಳ ಹೊತ್ತು ಅವರ ತುಟಿಗಳನ್ನೇ ನೋಡುತ್ತಾರೆ. ಆಮೇಲೆ ಹತ್ತುತ್ತಾರೆ. ಅದು ನಿಜವೇ ಎಂದು ಆಮೇಲೆ ನಾನು ಕೇಳಿದೆ. ಜೂರಾಕನ್ ಕಣ್ಣು ಕಿರಿದು ಮಾಡಿ ನಕ್ಕರು. "ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತೆ. ಕೋಟು ಮಾರೋ ಅಭ್ಯಾಸ ಪೂರ್ತಿ ಹೋಗಿಲ್ಲ ನಂದು."

ಮೀಟರು ಸರಿಯಿದೆಯೋ ಇಲ್ಲವೋ ನೋಡಲು ಪಕ್ಕದಲ್ಲಿ ಇನ್ನೊಂದು ಗಾಡಿ ಬೇಕು. ಸಂತೆಯ ಗೇಟಿನಲ್ಲಿ ಸುಮ್ಮನೆ ನಿಂತಿರುವುದು ಕಸಿಮಾಲಿಯ ಕಾರೊಂದೇ. "ಕೊಂಡ್ಕೊಳ್ಳೋಕೆ ಬಂದವನಿಂದ ಇದನ್ನೂ ಮಾಡಿಸ್ತೀಯಾ ಎಜೆ?" ಎಂದು ಗೊಣಗುತ್ತಲೇ ಅವರು ಕಾರು ಹತ್ತುತ್ತಾರೆ. ಜೂರಾಕನ್ ಅವರ ಪಕ್ಕ ಕೂರುತ್ತಾರೆ, ನಾನು ಹಿಂದೆ.

ನರಿನ್ ರಸ್ತೆಯಲ್ಲಿ ಎರಡೂ ಗಾಡಿಗಳು ಜೊತೆಜೊತೆಯಾಗಿ ಹೋಗುತ್ತವೆ. ಕಾರಿನ ಮುಳ್ಳು ನಲವತ್ತಕ್ಕೆ ಬಂದಾಗ ಜೂರಾಕನ್ ಕಿಟಕಿಯಿಂದ ಕೈ ಹೊರಹಾಕಿ ನಾಲ್ಕು ಬೆರಳು ತೋರಿಸುತ್ತಾರೆ. ಅತ್ತ ಬಾತ್ಮಾ ಮೀಟರು ನೋಡಿ, ವಾಸಿಯಾದ ಕೈಯನ್ನೇ ಎತ್ತಿ ನಾಲ್ಕು ಬೆರಳು ತೋರಿಸುತ್ತಾರೆ. ಐವತ್ತಕ್ಕೆ ಐದು, ಅತ್ತಲೂ ಐದು. ಇಳಿಜಾರು ಬರುತ್ತದೆ. ಗಾಡಿ ತಾನಾಗಿ ವೇಗ ಹಿಡಿಯುತ್ತದೆ. ಬಾತ್ಮಾರ ಮುಷ್ಟಿ ಗಂಡನ ಮೊಣಕಾಲಿನ ಕಡೆಗೆ ಎದ್ದು, ಅಲ್ಲೇ ನಿಲ್ಲುತ್ತದೆ. ಅದು ಬೀಳುವ ಮೊದಲೇ ತೊಕ್ತೊಸುನ್ ಮೀಟರಿನತ್ತ ಕಣ್ಣು ಹಾಯಿಸಿ ಬ್ರೇಕ್ ಹಿಡಿದಿದ್ದಾರೆ. ತಿರುವು ಸಲೀಸಾಗಿ ದಾಟುತ್ತದೆ. ಬಾತ್ಮಾ ಆ ಮುಷ್ಟಿ ಬಿಡಿಸಿ, ಅಂಗೈಯನ್ನು ಅವರ ಮೊಣಕಾಲಿನ ಮೇಲೆಯೇ ಇಟ್ಟುಕೊಂಡು ಕೂರುತ್ತಾರೆ.

ಕಸಿಮಾಲಿ ಕಾರು ನಿಲ್ಲಿಸುತ್ತಾರೆ. "ಇನ್ನು ಇದು ನನಗೆ ಸಿಕ್ಕಿದ ಹಾಗೇ," ಎನ್ನುತ್ತಾರೆ, ಬೇಸರವೇನೂ ಇಲ್ಲದ ದನಿಯಲ್ಲಿ. ಉರಾಲ್ ತಿರುಗಿ ಬರುವುದಿಲ್ಲ. ಹಾಗೇ ಬೆಟ್ಟದ ದಾರಿ ಹಿಡಿಯುತ್ತದೆ. ನೋಡದೆ ಉಳಿದ ಜೇನುಪೆಟ್ಟಿಗೆಗಳು ಅಲ್ಲಿವೆ.

ಸಂತೆ ಕರಗುವ ಹೊತ್ತಿಗೆ ಕಂಟೇನರಿನ ಮುಂದೆ ಇನ್ನೆರಡು ಗಾಡಿಗಳು ಸಾಲುಗಟ್ಟಿವೆ. ನಿಮಗೇನು ಬೇಕು ಎಂದು ಜೂರಾಕನ್‌ರನ್ನು ಕೇಳುತ್ತೇನೆ. ಹೊಸ ಅಂಗಡಿಯೋ, ಬೋರ್ಡೋ? ಅವರು ತಲೆಯಾಡಿಸಿ ಕಂಟೇನರಿನ ಹಿಂಗೋಡೆ ತೋರಿಸುತ್ತಾರೆ. ಅದರಾಚೆ ಬೆಟ್ಟಕ್ಕೆ ಹೋಗುವ ರಸ್ತೆಯಿದೆ. ಅಲ್ಲೊಂದು ಕಿಟಕಿ ಕೊರೆಸಬೇಕಂತೆ.

"ಕೆಟ್ಟ ಗಾಡಿನೇ ದಿನಾ ನೋಡೋದು ನಾನು. ಕೆಲಸ ಸರಿಯಾಗಿ ಆದ್ರೆ ಅವರು ಮತ್ತೆ ಬರಲ್ಲ, ಆ ಹಿಂದಿನ ರಸ್ತೇಲಿ ಹೋಗ್ತಿರ್ತಾರೆ. ಸದ್ದು ಮಾತ್ರ ಕೇಳುತ್ತೆ ನಂಗೆ. ವೆಲ್ಡಿಂಗ್ ಮಾಡೋನು ಬೇಡ ಅಂತಾನೆ, ಚಳಿ ನುಗ್ಗುತ್ತೆ ಅಂತಾನೆ." ಮುಂದಿನ ಗಾಡಿಯ ಎದುರಿಗೆ ಮಂಡಿಯೂರುತ್ತಾ ಅವರು ಹೇಳುತ್ತಾರೆ: "ನುಗ್ಲಿ ಬಿಡಿ. ಇನ್ನೊಂದು ಕೋಟು ಹಾಕ್ಕೊಂಡು ನೋಡ್ತೀನಿ."