ಕಡಲೆಕಾಯಿಯ ಹರಕೆ

ಆರು ತಿಂಗಳು ಪುಕ್ಕಟೆ ಮಳೆ ಸುರಿಯುವ ಊರಿನಲ್ಲಿ, ಪೈಪಿನಿಂದ ಸುರಿಯುವ ಮಳೆಯಲ್ಲಿ ಕುಣಿಯಲು ಟಿಕೆಟ್ ಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಆ ಬೇಸಿಗೆ ರಜೆಯಲ್ಲಿ ನಾವೂ ಟಿಕೆಟ್ ಕೊಂಡೆವು. ಕಾಫಿ ಬೆಲೆ ನೆಲ ಕಚ್ಚಿದ್ದ ವರ್ಷಗಳವು. ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಒಂದು ಎಸ್ಟೇಟಿನವರು ಗಿಡ ಕೀಳಿಸಿ, ಆ ಜಾಗದಲ್ಲಿ ಈಜುಕೊಳ, ನೀರಿನ ಜಾರುಬಂಡೆ, ಪುಟಾಣಿ ರೈಲು, ಒಂದು ಸಿಮೆಂಟಿನ ಡೈನೋಸಾರ್ ಎಲ್ಲ ಮಾಡಿಸಿ ರೆಸಾರ್ಟ್ ಎಂದು ಬೋರ್ಡು ಹಾಕಿದ್ದರು. ಯಸಳೂರಿನ ಹತ್ತಿರ ತೋಟ ಮಾಡಿಕೊಂಡಿದ್ದ ನನ್ನ ಅಣ್ಣ ತನ್ನ ಮಕ್ಕಳ ಕಾಟ ತಾಳಲಾರದೆ ಎರಡು ದಿನಕ್ಕೆ ರೂಮು ಹಿಡಿದು, ಆಲೂರಿನಲ್ಲಿದ್ದ ನಮಗೂ ಫೋನ್ ಮಾಡಿದ. ಅವ್ವನೂ ಬರುತ್ತಾಳೆ, ನೀವು ಬರದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದ.

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ಸುಸ್ತು. ಬೇರೆಯವರಿಗೆ ಪ್ರವಾಸವೆಂದರೆ ಬಟ್ಟೆ ತುಂಬಿಕೊಳ್ಳುವುದು, ಫೋಟೋ ತೆಗೆಸಿಕೊಳ್ಳುವುದು. ನನಗೆ ಪ್ರವಾಸವೆಂದರೆ ಊಟ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕುರುಕಲು, ಮತ್ತೆ ಊಟ. ಪ್ರತಿ ಸಲವೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಬೇಕು. ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ.

ಆಗುವುದಿಲ್ಲ ಎಂದರೆ ನಮ್ಮ ಕಡೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಒಬ್ಬರಿಗೆ ಹಲಸಿನಹಣ್ಣು ಆಗುವುದಿಲ್ಲ, ಇನ್ನೊಬ್ಬರಿಗೆ ಆಲೂಗಡ್ಡೆ ವಾಯು. ನನ್ನ ಗಂಡನಿಗೇ ಬದನೆಕಾಯಿ ಆಗುವುದಿಲ್ಲ. ಮೈಯೆಲ್ಲ ದದ್ದು ಏಳುತ್ತದೆ ಎಂದು ಗೊತ್ತಿದ್ದೂ ಎಣ್ಣೆಗಾಯಿ ಕಂಡರೆ ಬಿಡುವುದಿಲ್ಲ, ಆಮೇಲೆ ಬೆನ್ನು ಕೆರೆ ಎಂದು ನನ್ನನ್ನು ಕರೆಯುತ್ತಾರೆ. ಅಂಥವರ ಸಾಲಿನಲ್ಲೇ ನನ್ನ ಮಗಳನ್ನೂ ಕೂರಿಸಿ ಜನ ನಗುತ್ತಿದ್ದರು. ಅವಳಿಗೆ ಎರಡು ವರ್ಷವಿದ್ದಾಗ ಒಂದು ಮದುವೆಯಲ್ಲಿ ಯಾರೋ ಪ್ರೀತಿಯಿಂದ ಕಡಲೆಕಾಯಿ ಮಿಠಾಯಿಯ ಚೂರು ಬಾಯಿಗಿಟ್ಟರು. ನಾನು ನೋಡುನೋಡುತ್ತಿದ್ದಂತೆ ತುಟಿ ಊದಿಕೊಂಡಿತು, ಕಣ್ಣು ಮುಚ್ಚಿಹೋಯಿತು, ಆಮೇಲೆ ಎದೆಯಲ್ಲಿ ಸೀಟಿ ಊದಿದಂತೆ ಉಸಿರು. ಕಾರಿನಲ್ಲಿ ಹಾಸನಕ್ಕೆ ಓಡಿದೆವು. ಇಂಜೆಕ್ಷನ್ ಕೊಟ್ಟ ಡಾಕ್ಟರು, ಈ ಸಲ ಸಮಯಕ್ಕೆ ಬಂದಿರಿ, ಪ್ರತಿ ಸಲವೂ ಇಷ್ಟು ಸಮಯ ಸಿಗುತ್ತದೆ ಎಂದುಕೊಳ್ಳಬೇಡಿ ಎಂದರು. ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಊರಿನವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನಾನು ಹಣ್ಣಾಗಿಹೋದೆ. ದೃಷ್ಟಿ ಎಂದರು, ನಂಜು ಎಂದರು, ಒಂದೇ ಮಗು ಎಂದು ಮುದ್ದು ಜಾಸ್ತಿ ಎಂದರು. ಎಲ್ಲರಿಗಿಂತ ಕಷ್ಟ ಕೊಟ್ಟವಳು ನನ್ನ ಅವ್ವ. ಅವಳು ಕೆಟ್ಟವಳಲ್ಲ, ಮೊಮ್ಮಗಳೆಂದರೆ ಜೀವ. ಆದರೆ ಐದು ಮಕ್ಕಳನ್ನು ಸಾಕಿದ ಕೈ ತನ್ನದು ಎಂಬ ಧೈರ್ಯ. ಚೂರು ಚೂರೇ ಕೊಟ್ಟು ರೂಢಿ ಮಾಡಿಸಬೇಕು, ಮೈ ತಾನಾಗಿ ಒಗ್ಗಿಕೊಳ್ಳುತ್ತದೆ ಎಂಬುದು ಅವಳ ವೈದ್ಯ. ತವರಿಗೆ ಹೋದರೆ ನಾನು ಮಗಳನ್ನು ಸೆರಗಿಗೆ ಕಟ್ಟಿಕೊಂಡೇ ತಿರುಗಬೇಕಾಗುತ್ತಿತ್ತು, ಸ್ನಾನಕ್ಕೆ ಹೋಗಲೂ ಭಯ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ದಿನ ಅವ್ವ ಕಡಲೆಕಾಯಿ ಚಟ್ನಿಯಲ್ಲಿ ಅದ್ದಿದ ದೋಸೆಯ ತುಂಡು ಹಿಡಿದು ಅವಳನ್ನು ಹಿತ್ತಲಿಗೆ ಕರೆಯುತ್ತಿದ್ದದ್ದನ್ನು ಕಂಡೆ. ಕಿತ್ತು ಬಿಸಾಡಿದೆ. ಕೂಗಾಡಿದರೆ ಮತ್ತೆ ಅದೇ ವಾದ, ಅದೇ ಅಳು. ನನಗೆ ಸಾಕಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವಳು ಬದುಕಿಕೊಂಡರೆ ಸಾಕು ಎಂದು ಆವತ್ತು ಹಾಸನದಲ್ಲಿ ಮನೆದೇವರಿಗೆ ಹರಕೆ ಹೊತ್ತಿದ್ದೇನೆ, ಕಡಲೆಕಾಯಿ ಮುಟ್ಟಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಮುರಿದರೆ ನೀನೇ ಹೊಣೆ ಎಂದೆ. ಅವ್ವನ ಮುಖ ಬಿಳುಚಿಕೊಂಡಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಬೈದಳು. ಎಷ್ಟು ವರ್ಷಕ್ಕೆ ಹೊತ್ತಿದ್ದೀಯ ಎಂದು ಕೇಳಿದಳು. ಒಂಬತ್ತು ತುಂಬುವವರೆಗೆ ಎಂದೆ. ನಾಲ್ಕರ ಮಗುವಿಗೆ ಒಂಬತ್ತು ಎಂದರೆ ಬಹಳ ದೂರವಿತ್ತು.

ಆಮೇಲಿನ ಮ್ಯಾಜಿಕ್ ನೋಡಬೇಕಿತ್ತು. ಡಾಕ್ಟರ ಮಾತಿಗೆ ಕವಡೆ ಕಿಮ್ಮತ್ತು ಕೊಡದ ಅವ್ವ ದೇವರ ಮಾತಿಗೆ ಪೊಲೀಸಿನವಳಾದಳು. ನಾವು ಹೋಗುವ ಮುಂಚೆಯೇ ಒರಳು ತೊಳೆಸಿ, ಡಬ್ಬಿಗಳನ್ನು ಅಟ್ಟಕ್ಕೆ ಹಾಕಿಸಿ ಕಾಯುತ್ತಿದ್ದಳು. ಮದುವೆಮನೆಗಳಲ್ಲಿ ಬಡಿಸುವವರ ಕೈ ಹಿಡಿದು ನಿಲ್ಲಿಸುತ್ತಿದ್ದಳು. ನಾನೂ ಆ ಸುಳ್ಳನ್ನು ಎಲ್ಲ ಕಡೆ ಬಳಸತೊಡಗಿದೆ. ಅಲರ್ಜಿ ಎಂದರೆ ನಗುತ್ತಿದ್ದ ಅಡುಗೆಯವರು ಹರಕೆ ಎಂದ ಕೂಡಲೇ ಬೇರೆ ಪಾತ್ರೆ ಇಡುತ್ತಿದ್ದರು. ನನಗೆ ಅದರ ಬಗ್ಗೆ ನಾಚಿಕೆಯೇನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಮಗಳಿಗೆ ಮಾತ್ರ ಸುಳ್ಳು ಹೇಳಲಿಲ್ಲ. ಆವತ್ತು ಏನಾಯಿತು, ಮತ್ತೆ ತಿಂದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ತಿಳಿಯುವ ಹಾಗೆ ಹೇಳಿಟ್ಟಿದ್ದೆ.

ರೆಸಾರ್ಟಿನ ಗೇಟಿನಲ್ಲೇ ಶುರುವಾಯಿತು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ನನ್ನ ಬುತ್ತಿಯ ಚೀಲ ಹಿಡಿದುಕೊಂಡ. ಅಲರ್ಜಿ ಎಂದೆ, ಕೇಳಲಿಲ್ಲ. ಡಾಕ್ಟರ ಚೀಟಿ ತೋರಿಸಿದೆ, ಅದನ್ನು ತಲೆಕೆಳಗಾಗಿ ಹಿಡಿದು ವಾಪಸು ಕೊಟ್ಟ. ಕೊನೆಗೆ, ಹರಕೆ ಕಣಪ್ಪ, ಮಗುವಿನ ಊಟ ಬೇರೆಯೇ ಆಗಬೇಕು ಎಂದೆ. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ. ಹಿಂದೆ ನಿಂತಿದ್ದ ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣನ ಮಕ್ಕಳು ಅವಳನ್ನು ಪುಟಾಣಿ ರೈಲಿನ ಕಡೆಗೆ ಎಳೆದುಕೊಂಡು ಹೋದರು. ಅವ್ವನ ಮುಖದಲ್ಲಿ ಆವತ್ತು ನಾವು ಸೇರಿದಾಗಿನಿಂದಲೂ ಒಂದು ಗುಟ್ಟಿನ ನಗೆ ಇತ್ತು. ಪ್ರವಾಸದ ಖುಷಿ ಇರಬೇಕು ಎಂದುಕೊಂಡೆ.

ಮೊದಲ ದಿನವನ್ನು ಬುತ್ತಿಯಲ್ಲೇ ಕಳೆದೆವು. ನನ್ನ ಗಂಡ ಬಂದ ಕೂಡಲೇ ಸಕಲೇಶಪುರದ ಆಸ್ಪತ್ರೆಗೆ ಹೋಗುವ ದಾರಿ ಕೇಳಿಕೊಂಡು, ರೆಸಾರ್ಟಿನ ಜೀಪಿನ ಡ್ರೈವರ್ ಎಲ್ಲಿ ಮಲಗುತ್ತಾನೆ ಎಂದು ನೋಡಿಕೊಂಡು ಬಂದರು. ನಮ್ಮ ಮಜಾ ಶುರುವಾಗುವುದೇ ಹಾಗೆ. ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬೇಕಾದ್ದು ಹಾಕಿಸಿಕೊಳ್ಳುತ್ತಿದ್ದಾಗ ನನ್ನ ಮಗಳು ಮೂಲೆಯಲ್ಲಿ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿಂದಳು. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬುತ್ತಿ ಮುಗಿದಿತ್ತು. ಊಟದ ಹಾಲಿನಲ್ಲಿ ಮ್ಯಾನೇಜರು ಟೈ ಕಟ್ಟಿಕೊಂಡು ನಿಂತಿದ್ದರು. ಸಸ್ಯಾಹಾರಕ್ಕೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಜನ ಎಂದು ನಾನು ಕೇಳುವ ಮುಂಚೆಯೇ ಹೇಳಿದರು. ಅವ್ವ ಬೆಳಗ್ಗೆಯೇ ಅದನ್ನೆಲ್ಲ ವಿಚಾರಿಸಿ ಒಪ್ಪಿಗೆ ಕೊಟ್ಟಾಗಿತ್ತು. ಕಡಲೆಕಾಯಿಯ ವಿಷಯ ಕೇಳಿದೆ. ಚಿತ್ರಾನ್ನಕ್ಕೆ ಬಿಟ್ಟರೆ ಯಾವುದಕ್ಕೂ ಇಲ್ಲ ಮೇಡಂ, ಯೋಚನೆಯೇ ಬೇಡ ಎಂದರು. ನಾನು ನೋಡುತ್ತಿದ್ದ ಹಾಗೆಯೇ ಯಾರೋ ಒಬ್ಬರು ಚಿತ್ರಾನ್ನ ಹಾಕಿಕೊಂಡ ಸೌಟನ್ನು ತಂದು ಬಿಳಿ ಅನ್ನದಲ್ಲಿ ನೆಟ್ಟರು. ಅನ್ನದ ಮೇಲೆ ಅರಿಶಿನದ ಗೆರೆ, ಪಕ್ಕದಲ್ಲಿ ಅರ್ಧ ಬೀಜ. ಮ್ಯಾನೇಜರು ನಕ್ಕು, ಅದನ್ನು ಬೆರಳಿನಲ್ಲಿ ಎತ್ತಿ ತೆಗೆದು, ಈಗ ಸರಿಹೋಯಿತು ಎಂದರು. ನನಗೆ ಅವರನ್ನು ಹಿಡಿದು ಅಲುಗಿಸಬೇಕೆನ್ನಿಸಿತು.

ಮಗಳನ್ನು ಅಣ್ಣನ ಮಕ್ಕಳ ಜೊತೆ ಹೊರಗೆ ಹುಲ್ಲಿನ ಮೇಲೆ ಕೂರಿಸಿ, ನಾನು ಬರುವವರೆಗೆ ಏನನ್ನೂ ಮುಟ್ಟಬೇಡ ಎಂದು ಹೇಳಿ, ಅಡುಗೆಮನೆಗೆ ಹೋದೆ. ಬಡಿಸಲು ತೆಗೆಯದ ಪಾತ್ರೆಯಿಂದ ಅನ್ನ, ಯಾರೂ ಸೌಟು ಹಾಕದ ಮಡಕೆಯಿಂದ ಮೊಸರು, ನಾನೇ ತೊಳೆದ ತಟ್ಟೆ. ಅಡುಗೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲು ಗಂಟೆ ಹಿಡಿಯಿತೋ ಏನೋ. ಅಷ್ಟು ಹೊತ್ತೂ ನನಗೆ ಅನ್ನಿಸುತ್ತಿದ್ದದ್ದು ಒಂದೇ. ಇವಳು ನಾಳೆ ಹೈಸ್ಕೂಲಿಗೆ ಹೋಗುತ್ತಾಳೆ, ಹಾಸ್ಟೆಲಿಗೆ ಹೋಗುತ್ತಾಳೆ, ಗೆಳತಿಯರ ಮನೆಗೆ ಹೋಗುತ್ತಾಳೆ. ಎಷ್ಟು ಅಡುಗೆಮನೆಗಳ ಬಾಗಿಲಲ್ಲಿ ನಾನು ನಿಲ್ಲಲಿ. ಪ್ರೀತಿಯಿಂದ ಚಾಚಿದ ಕೈಗೆ ಇವಳ ಪರವಾಗಿ ಬೇಡ ಎನ್ನುವವರು ಯಾರು.

ತಟ್ಟೆ ಹಿಡಿದು ಹೊರಗೆ ಬಂದರೆ, ಸಿಲ್ವರ್ ಓಕ್ ಮರದ ಕೆಳಗೆ ಅವ್ವ ಕಾಲು ಚಾಚಿ ಕೂತಿದ್ದಳು. ಮಡಿಲ ಮುಂದೆ ಬೇಸನ್ನಿನ ತುಂಬ ಚಿತ್ರಾನ್ನ. ಮಕ್ಕಳು ಸುತ್ತ ಕೂತು ಒಬ್ಬೊಬ್ಬರಾಗಿ ಕೈತುತ್ತಿಗೆ ಬಾಯಿ ತೆರೆಯುತ್ತಿದ್ದರು. ನಾನು ನೋಡುತ್ತಿದ್ದಂತೆ ಅವ್ವ ದೊಡ್ಡದೊಂದು ತುತ್ತು ಕಟ್ಟಿ ನನ್ನ ಮಗಳ ಕಡೆಗೆ ಚಾಚಿದಳು.

"ತಿನ್ನು ಮಗ. ನಿಂಗೆ ಒಂಬತ್ತು ತುಂಬ್ತಲ್ಲ, ಹೋದ ಸೋಮವಾರ ನಾನೇ ದೇವಸ್ಥಾನಕ್ಕೋಗಿ ಹರಕೆ ತೀರ್ಸ್ಬುಟ್ಟು ಬಂದಿದೀನಿ. ಇನ್ಮೇಲೆ ನೀನೂ ಎಲ್ಲಾರಂಗೆ ತಿನ್ಬೌದು."

ಒಂಬತ್ತು ಎಂದಿದ್ದು ನನಗೆ ಮರೆತೇಹೋಗಿತ್ತು. ಅವ್ವನಿಗೆ ಮರೆತಿರಲಿಲ್ಲ. ಐದು ವರ್ಷ ಆ ಮಗು ಪಂಕ್ತಿಯಿಂದ ಹೊರಗೆ ಕೂತದ್ದನ್ನು ನೋಡಿ ನೋಡಿ ಅವಳ ಕರುಳು ಬೆಂದಿತ್ತು. ದಿನ ತುಂಬುವುದನ್ನೇ ಕಾದಿದ್ದಳು. ತಟ್ಟೆ ಹಿಡಿದೇ ಓಡಿದೆ.

ಮಗಳು ಮುಖ ಹಿಂದಕ್ಕೆ ತೆಗೆದುಕೊಂಡಳು.

"ಬೇಡ ಅಜ್ಜಿ. ಹರಕೆ ತೀರಿದ್ರೂ ನಂಗೆ ಅದು ಬೇಡ. ತಿಂದ್ರೆ ಉಸಿರು ಕಟ್ಟತ್ತೆ, ಸತ್ತೋಗ್ತೀನಿ."

ಹೋಮ್‌ವರ್ಕ್ ಒಪ್ಪಿಸುವ ಧ್ವನಿಯಲ್ಲಿ ಹೇಳಿದಳು. ಅವ್ವನ ಕೈ ಹಾಗೇ ನಿಂತಿತು. ಅವಳು ಮೊಮ್ಮಗಳನ್ನು ನೋಡಿದಳು, ಎದುರಿಗೆ ಏದುಸಿರು ಬಿಡುತ್ತ ನಿಂತ ನನ್ನನ್ನು ನೋಡಿದಳು. ಹರಕೆ ಯಾವುದು, ಉಸಿರು ಯಾವುದು ಎಂದು ಕೇಳಿದಳು. ಇನ್ನೊಂದು ಸುಳ್ಳು ಹೊಸೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಹರಕೆ ಇರಲೇ ಇಲ್ಲ ಅವ್ವ, ನಿನ್ನ ಕೈ ತಡೆಯಲು ಹೇಳಿದ್ದು ಎಂದೆ. ಡಾಕ್ಟರು ಅಂದದ್ದನ್ನು ಮತ್ತೊಮ್ಮೆ ಹೇಳಿದೆ. ಈ ಸಲ ಅವಳು ನಡುವೆ ಬಾಯಿ ಹಾಕಲಿಲ್ಲ.

ತುತ್ತನ್ನು ಬೇಸನ್ನಿಗೆ ಹಾಕಿ, ಬೇಸನ್ನನ್ನು ಅಣ್ಣನ ದೊಡ್ಡ ಮಗಳ ಕಡೆಗೆ ತಳ್ಳಿ, ಮಂಡಿ ಹಿಡಿದುಕೊಂಡು ಎದ್ದು ನಲ್ಲಿಯ ಹತ್ತಿರ ಹೋದಳು. ನಾನು ಹಿಂದೆಯೇ ಹೋದೆ. ಯಾರೋ ಬಿಟ್ಟುಹೋಗಿದ್ದ ಸೋಪಿನಿಂದ ಮೊಣಕೈವರೆಗೆ ಉಜ್ಜಿದಳು, ಉಗುರುಗಳ ಸಂದಿ ಉಜ್ಜಿದಳು, ಬಳೆ ಸರಿಸಿ ಅದರ ಕೆಳಗೂ ಉಜ್ಜಿದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅವಳನ್ನು ತಬ್ಬಿಕೊಂಡು ಅಳಬೇಕೆಂದೂ ಅನ್ನಿಸುತ್ತಿತ್ತು.

"ನನ್ ಕೈಯಾರೆ ಕೊಂದುಬುಡ್ತಿದ್ದೆ ಕಣೇ" ಎಂದಳು. ಮತ್ತೆ ನೀರು ಬಿಟ್ಟುಕೊಂಡಳು. ಇಲ್ಲದ ಹರಕೆಯನ್ನು ತೀರಿಸಿಬಂದೆನಲ್ಲ, ಆ ದೇವರು ಏನೆಂದುಕೊಂಡನೋ ಎಂದು ನಲ್ಲಿಗೆ ಹೇಳಿದಳು. ಎರಡು ಸೇರು ಕಡಲೆಕಾಯಿಯನ್ನೇ ಅವನ ಮುಂದೆ ಸುರಿದು ಬಂದಿದ್ದಳಂತೆ. ನನಗೆ ಆ ಹೊತ್ತಿನಲ್ಲೂ ನಗು ಬಂತು. ಅವಳು ನಗಲಿಲ್ಲ. ಒದ್ದೆ ಕೈ ಚಾಚಿಕೊಂಡೇ, ಲೆಕ್ಕ ಸರಿಹೋದವಳ ಹಾಗೆ ತಲೆಯಾಡಿಸಿದಳು.

"ತೀರ್ಸೋದು ಮುಂಚೆ ಆಗೋಯ್ತು, ಹೊತ್ಕೊಳೋದು ಬಾಕಿ ಐತೆ. ಅದ್ನ ನಾನು ಹೊತ್ಕೋತೀನಿ. ಇವತ್ತಿಂದ ನಂಗೂ ಕಳ್ಳೇಕಾಯಿ ಬ್ಯಾಡ. ನಾನಿರೋಗಂಟ ಈ ಕೈ ಅದ್ನ ಮುಟ್ಟಲ್ಲ."

ಸೆರಗಿಗೆ ಕೈ ಒರೆಸಿಕೊಳ್ಳಲು ಹೋದವಳು, ಸೆರಗಿನ ಮೇಲೆ ಅರಿಶಿನದ ಕಲೆ ಕಂಡು ನಿಲ್ಲಿಸಿದಳು. ಗಾಳಿಗೆ ಹಿಡಿದು ಒಣಗಿಸಿಕೊಂಡಳು. ನನ್ನ ಕೈಯಿಂದ ಮೊಸರನ್ನದ ತಟ್ಟೆ ತೆಗೆದುಕೊಂಡು, ಮಗಳನ್ನು ನಲ್ಲಿಯ ಹತ್ತಿರಕ್ಕೇ ಕರೆದು, ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದಳು. ಮಗಳು ಮೂಸಿ ನೋಡಿದಳು. ಬೆರಳು ಬಿಡಿಸಿ ನೋಡಿದಳು. ಅರವತ್ತು ದಾಟಿದ ಅವ್ವ ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ನಿಂತಿದ್ದಳು. ಆಮೇಲೆ ಅನ್ನ ಕಲಸಿ ತುತ್ತು ಕಟ್ಟಿದಳು.

ಯಾರು ಏನು ಕೊಟ್ಟರೂ ಮೊದಲು ನನ್ನ ಮುಖ ನೋಡಿ, ನಾನು ತಲೆಯಾಡಿಸಿದ ಮೇಲೆ ಬಾಯಿ ತೆರೆಯುವ ಹುಡುಗಿ ಅವಳು. ಆವತ್ತು ನನ್ನ ಕಡೆ ತಿರುಗಲೇ ಇಲ್ಲ. ಅಜ್ಜಿಯ ಕೈಯಿಂದ ಉಂಡಳು, ಇನ್ನೊಂದು ಎಂದು ಕೇಳಿದಳು. ನಾನು ನಲ್ಲಿಯ ಪಕ್ಕದ ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟೆ.