ಮುಚ್ಚಳದಣ್ಣನ ತೋರುಬೆರಳು

ಸಂಶೋಧನೆಗೆಂದು ಆಕಾಶಕ್ಕೆ ಬಲೂನು ಹಾರಿಸುವ ಕೇಂದ್ರದಲ್ಲಿ ಅವನನ್ನು ಎಲ್ಲರೂ ಮುಚ್ಚಳದಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಅವನ ಕೆಲಸ ಅದೊಂದೇ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಎಣಿಸುವ ಉಪಕರಣವನ್ನು ಡಬ್ಬದಲ್ಲಿಟ್ಟು, ರಬ್ಬರ್ ರಿಂಗ್ ಕೂರಿಸಿ, ಮುಚ್ಚಳ ಬಿಗಿಯುವುದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ರಿಂಗಿನ ಮೇಲೆ ಒಂದು ಕಣ ಧೂಳು ಕೂತರೂ ಮೋಡಗಳಾಚೆ ಡಬ್ಬದ ಗಾಳಿ ಸೋರುತ್ತದೆ, ಒಳಗೆ ಕಿಡಿ ಹಾರುತ್ತದೆ, ಉಪಕರಣ ಸುಟ್ಟುಹೋಗುತ್ತದೆ. ಅದಕ್ಕೇ ಅವನು ಕಣ್ಣು ಮುಚ್ಚಿ ತೋರುಬೆರಳನ್ನು ರಿಂಗಿನ ಸುತ್ತ ಮೂರು ಸಲ ಆಡಿಸುತ್ತಿದ್ದ. ಭೂತಗನ್ನಡಿಗೆ ಕಾಣದ್ದು ಆ ಬೆರಳಿಗೆ ಸಿಗುತ್ತಿತ್ತು.

ಈ ಸಲದ ಡಬ್ಬ ಒಬ್ಬ ಸಂಶೋಧಕಿಯದು, ಅವಳ ನಾಲ್ಕು ವರ್ಷದ ದುಡಿಮೆ. ಇನ್ನೆರಡು ತಿಂಗಳಿಗೆ ನಿವೃತ್ತನಾಗುವ ಅವನಿಗೆ ಇದೇ ಕೊನೆಯ ಮುಚ್ಚಳ.

ಮುಚ್ಚಳ ಹಾಕುವ ಹಿಂದಿನ ದಿನ ಅಡುಗೆಮನೆಯಲ್ಲಿ ತಗಡಿನ ಡಬ್ಬ ತೆರೆಯಲು ಹೋಗಿ ಅದೇ ಬೆರಳು ಕುಯ್ದುಕೊಂಡ. "ಆಕಾಶಕ್ಕೆ ಹೋಗೋ ಡಬ್ಬ ಮುಚ್ತೀರಿ, ಮನೆ ಡಬ್ಬ ತೆಗೆಯೋಕೆ ಬರಲ್ಲ" ಎಂದು ಹೆಂಡತಿ ನಗುತ್ತಲೇ ಪಟ್ಟಿ ಹಾಕಿದಳು. ಮರುದಿನ ಅವನು ನಡುಬೆರಳಿನಿಂದ ರಿಂಗ್ ಸವರಿ ಮುಚ್ಚಳ ಬಿಗಿದ. ಯಾರಿಗೂ ಹೇಳಲಿಲ್ಲ. ಇಷ್ಟು ವರ್ಷದ ಹೆಸರು, ಕೊನೆಗಾಲದಲ್ಲಿ ಇನ್ನೊಬ್ಬರ ಕೈಗೆ ಕೊಡುವುದೇ ಎಂಬ ಒಣಜಂಬ.

ಅದರ ಮರುದಿನ, ಹಾರಿಸುವ ಬೆಳಿಗ್ಗೆ, ಗಾಳಿ ನಿಂತಿತ್ತು. ಬಲೂನಿಗೆ ಅನಿಲ ತುಂಬುತ್ತಿತ್ತು, ಆಗಲೇ ಅರ್ಧ ಎದ್ದು ನಿಂತಿತ್ತು. ಒಮ್ಮೆ ತುಂಬಿದ ಬಲೂನನ್ನು ಮತ್ತೆ ಬಳಸುವಂತಿಲ್ಲ. ಅವನು ತನ್ನ ಪಟ್ಟಿ ಕಟ್ಟಿದ ಬೆರಳನ್ನೇ ನೋಡುತ್ತಿದ್ದ. ನಡುಬೆರಳಿಗೆ ಏನೂ ಸಿಕ್ಕಿರಲಿಲ್ಲ ನಿಜ. ಆದರೆ ಇದ್ದರೂ ಅದಕ್ಕೆ ಸಿಗುತ್ತಿತ್ತೇ? ಸುಮ್ಮನಿದ್ದರೆ ಇನ್ನು ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

"ನಿಲ್ಲಿಸಿ" ಎಂದ. ಸಂಶೋಧಕಿ ಓಡಿ ಬಂದಳು. ಅವನು ಪಟ್ಟಿ ಸುತ್ತಿದ ಬೆರಳು ತೋರಿಸಿ ಎಲ್ಲ ಹೇಳಿದ.

ಡಬ್ಬ ಬಿಚ್ಚಿದರು. ರಿಂಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಇಬ್ಬರೂ ಇಂಚಿಂಚೂ ನೋಡಿದರು, ಅರ್ಧ ಗಂಟೆ ಹಿಡಿಯಿತು. ರಿಂಗಿನ ಮೇಲೆ ಏನೂ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಗಾಳಿ ಎದ್ದಿತು, ಹಾರಿಸುವಂತಿರಲಿಲ್ಲ, ಬಲೂನನ್ನು ಸೀಳಿ ಅನಿಲ ಬಿಟ್ಟರು. ಈ ಋತುವಿನ ಕೊನೆಯ ಅವಕಾಶ ಅದು; ಇನ್ನು ಗಾಳಿ ಅನುಕೂಲವಾಗುವುದು ಆರು ತಿಂಗಳಿಗೆ.

"ನೀವು ಸುಮ್ನಿದ್ದಿದ್ರೆ ಈಗ ಮೇಲಿರ್ತಿತ್ತು, ಅಣ್ಣ" ಎಂದಳು.

"ಹೌದಮ್ಮ. ನಿನ್ನೆನೇ ಹೇಳ್ಬೇಕಿತ್ತು. ತಪ್ಪು ನಂದೇ."

ಅವಳು ಬಾಗಿಲವರೆಗೆ ಹೋದಳು. ಮುದ್ದೆಯಾಗಿ ಬಿದ್ದ ಬಲೂನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ವಾಪಸ್ ಬಂದು ಕುರ್ಚಿ ಎಳೆದುಕೊಂಡು ಕೂತಳು.

"ಆರು ತಿಂಗಳಾದ್ಮೇಲೆ ನೀವಿರಲ್ಲ. ನನಗೆ ಕಲಿಸಿ."

ಅವನು ತನ್ನ ತಲೆಯಿಂದ ಒಂದು ನರೆಗೂದಲು ಕಿತ್ತು, ತುಂಡು ಮಾಡಿ, ಚೂರೊಂದನ್ನು ರಿಂಗಿನ ಮೇಲೆ ಎಲ್ಲೋ ಇಟ್ಟ. ಅವಳು ಕಣ್ಣು ಮುಚ್ಚಿದಳು. ಬೆರಳು ಎರಡು ಸುತ್ತು ಬಂದರೂ ಸಿಗಲಿಲ್ಲ. "ಇನ್ನೊಂದು ಸುತ್ತು" ಎಂದ ಅವನು.

ಮೂರನೇ ಸುತ್ತಿನಲ್ಲಿ ಬೆರಳು ನಿಂತಿತು. "ಇಲ್ಲಿ" ಎಂದಳು.