ಕೈಗಡ ಹೋದ ಯೂನಿಟ್

ಉಗರಗೋಳದಲ್ಲಿ ಇಪ್ಪತ್ತು ವರ್ಷದಿಂದ ವೈರಿಂಗ್ ಮಾಡುತ್ತ ಬಂದ ಕಾಂತೇಶನಿಗೆ ಕರೆಂಟು ಹೊಡೆದದ್ದು ಎರಡೇ ಸಲ. ಮಂದಿಯ ಮಾತಿಗೆ ತಲೆ ಕೆಟ್ಟದ್ದಕ್ಕೆ ಮಾತ್ರ ಲೆಕ್ಕವಿಲ್ಲ. ವ್ಯಾಟ್ ಅಂದರೇನು, ಯೂನಿಟ್ ಅಂದರೇನು ಎಂದು ಅವನು ಹೇಳದ ಮನೆಯಿಲ್ಲ. ಮರುದಿನ ಹೋದರೆ ಮತ್ತೆ ಅದೇ ರಾಗ, ಅದೇ ಹಾಡು.

ತಿಂಗಳಿಗೆ ಇಷ್ಟು ಯೂನಿಟ್‌ವರೆಗೆ ಕರೆಂಟು ಪುಕ್ಕಟೆ ಎಂದಾದ ಮೇಲಂತೂ ಅವನ ಓಣಿಯವರು ಹೊಸದೊಂದು ರೂಢಿ ಹಚ್ಚಿಕೊಂಡರು. ಹೆಪ್ಪಿಗೆ ಮಜ್ಜಿಗೆ, ರೊಟ್ಟಿಗೆ ಹಿಟ್ಟು ಕೈಗಡ ಕೊಟ್ಟ ಹಾಗೆ ಯೂನಿಟ್ಟನ್ನೂ ಕೊಡತೊಡಗಿದರು. ಒಬ್ಬರ ಮನೆಯ ಯೂನಿಟ್ ತೀರಿತೋ, ಪಕ್ಕದ ಮನೆಯಿಂದ ಗೋಡೆ ಮೇಲೆ ಹಾಯ್ದು ಒಂದು ವೈರು ಬಂತು. ಅದಾದರೂ ಎಂಥ ವೈರು? ಗಣಪತಿ ಹಬ್ಬಕ್ಕೆ ಸೀರಿಯಲ್ ಲೈಟು ಹಚ್ಚುವ ದಾರದಂಥ ವೈರು!

"ಇನ್ನ ಮೂವತ್ತ ಯೂನಿಟ್ ಉಳದಾವು. ಹಂಗಿದ್ರೂ ಪಕ್ಕದ ಮನಿಗೆ ಕೊಟ್ಟ ವೈರ್ ಯಾಕ ಬಿಸಿ ಆಗತೈತಿ?" ಎಂದು ಎದುರುಮನೆಯ ರಾಮಲಿಂಗಪ್ಪ ಅವತ್ತು ಬೆಳಿಗ್ಗೆ ಕೇಳಿದಾಗ ಕಾಂತೇಶ ಹಣೆ ಬಡಿದುಕೊಂಡ.

"ಯೂನಿಟ್ ಅಂದ್ರ ತಿಂಗಳಪೂರ್ತಿ ತುಂಬಿದ ಕೊಡದ ಲೆಕ್ಕರಿ. ವ್ಯಾಟ್ ಅಂದ್ರ ನಳದಾಗ ನೀರು ಎಷ್ಟ ಜೋರ ಬರಾಕತ್ತೈತಿ ಅನ್ನೂದು. ನೂರು ವ್ಯಾಟಿನ ಬಲ್ಬು ಹತ್ತು ತಾಸ ಉರದ್ರೂ ಒಂದ ಯೂನಿಟ್ಟು, ಸಾವಿರ ವ್ಯಾಟಿನ ಇಸ್ತ್ರಿ ಒಂದ ತಾಸ ಕಾದ್ರೂ ಒಂದ ಯೂನಿಟ್ಟು. ಮೀಟರಿಗೆ ಎರಡೂ ಒಂದ, ವೈರಿಗೆ ಒಂದಲ್ಲ. ಎಷ್ಟ ಯೂನಿಟ್ ಉಳದಾವು ಅಂತ ವೈರ್ ಕೇಳಂಗಿಲ್ಲ. ಈಗ ಒಮ್ಮೆಲೆ ಎಷ್ಟ ಹೊರಬೇಕು, ಅಷ್ಟ ಕೇಳತೈತಿ."

"ಖರೆ ಐತಿ," ರಾಮಲಿಂಗಪ್ಪ ಗಂಭೀರವಾಗಿ ತಲೆಯಾಡಿಸಿದ. "ಹಂಗಾರ ಇಪ್ಪತ್ತ ಯೂನಿಟ್ ಅಷ್ಟ ಕೊಡತೇನಿ ಬಿಡು."

ಇವರಿಗೆ ಹೇಳುವುದಕ್ಕಿಂತ ಕಂಬಕ್ಕೆ ಹೇಳುವುದು ಮೇಲು ಎಂದು ಗೊಣಗುತ್ತ ಕಾಂತೇಶ ಮನೆಯೊಳಗೆ ಕಾಲಿಟ್ಟ. ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವನ ಮನೆಯ ಪ್ಲಗ್ಗಿನಿಂದಲೇ ಒಂದು ತೆಳ್ಳನೆಯ ಬಿಳಿ ವೈರು ಕಿಟಕಿ ದಾಟಿ, ಗೋಡೆ ಹತ್ತಿ, ಪಕ್ಕದ ಶೆಟ್ಟೆವ್ವನ ಮನೆಗೆ ಇಳಿದಿತ್ತು.

"ಏನಿದು?"

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರೇಣು ತಲೆ ಎತ್ತಲಿಲ್ಲ. "ಪೂನಮ್‌ಗ ನೀರ ಕಾಸಾಕ್ರಿ. ಶೆಟ್ಟೆವ್ವಕ್ಕನ ಯೂನಿಟ್ ಮುಗದಾವಂತ. ನಮ್ಮವು ಹತ್ತು ಉಳದಾವಲ್ರಿ."

ಪೂನಮ್ ಶೆಟ್ಟೆವ್ವನ ಮಗಳು, ಹೆರಿಗೆಗೆಂದು ತವರಿಗೆ ಬಂದವಳು. ಕೂಸಿಗೆ ಒಂಬತ್ತು ದಿನ. ಬಾಣಂತಿಗೆ ಎರೆಯುವ ನೀರೆಂದರೆ ಹಂಡೆಗಟ್ಟಲೆ ನೀರು, ಅದರೊಳಗೆ ಇಳಿಬಿಟ್ಟದ್ದು ಹದಿನೈದು ನೂರು ವ್ಯಾಟಿನ ಕಾಯಿಲ್! ಕಾಂತೇಶ ಪ್ಲಗ್ ಕಿತ್ತು ಓಡಿದ.

ವೈರು ಬಾಣಂತಿಯ ಕೋಣೆಯೊಳಗಿಂದ, ತೊಟ್ಟಿಲ ಹಗ್ಗಕ್ಕೆ ಒಂದು ಸುತ್ತು ಸುತ್ತಿಕೊಂಡು ಬಚ್ಚಲಿಗೆ ಹೋಗಿತ್ತು. ಮಲಗಿದ್ದ ಕೂಸಿನ ತಲೆಯ ನೇರಕ್ಕೆ ಮೇಲಿನ ಪ್ಲಾಸ್ಟಿಕ್ ಕರಗಿ, ತಾಮ್ರದ ಎಳೆ ಹೊರಗೆ ಇಣುಕುತ್ತಿತ್ತು. ಬಿಡಿಸಲು ಹೋದರೆ ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿತು.

"ಶೆಟ್ಟೆವ್ವಕ್ಕಾ, ಕೂಸಿನ ತಲಿ ಮ್ಯಾಲ ಬೆಂಕಿ ತೂಗಹಾಕೀಯಲ್ಲಾ!" ಎಂದು ಕೂಗಿದ.

ಕೂಸು ಎದ್ದು ಕಿರುಚಿತು. ಶೆಟ್ಟೆವ್ವ ಬಿಳಿಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಹತ್ತರಾಗ ನಾಕ ಯೂನಿಟ್ ಸೈತ ಸುಟ್ಟಿಲ್ಲಪಾ," ಎಂದಳು.

ಕಾಂತೇಶ ಹಿತ್ತಲಿಗೆ ಹೋಗಿ ಹಳೆಯ ಒಲೆಯ ಮೇಲೆ ಹಂಡೆ ಏರಿಸಿ, ಕಟ್ಟಿಗೆ ಒಟ್ಟಿ ಉರಿ ಹಚ್ಚಿದ. ಹೊಗೆ ಕಣ್ಣಿಗೆ ತುಂಬಿತು. ಇನ್ನೊಂದು ಹೊರೆ ಕಟ್ಟಿಗೆ ಹೊತ್ತು ತಂದ ರೇಣುವನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಊರಿಗೆಲ್ಲಾ ಹೇಳಿದೆ. ನನ್ನ ಮನ್ಯಾಗಿನಾಕಿಗೆ ತಿಳಿಲಿಲ್ಲ."

"ತಿಳದಿತ್ರಿ," ಎಂದಳು ರೇಣು. ಅವಳ ಕಣ್ಣುಗಳೂ ಕೆಂಪಾಗಿದ್ದವು. "ವ್ಯಾಟ್ ಬ್ಯಾರೆ, ಯೂನಿಟ್ ಬ್ಯಾರೆ, ತೆಳ್ಳನ ವೈರ್ ಸುಡತೈತಿ, ಎಲ್ಲಾ ಬಾಯಿಪಾಠ ಐತ್ರಿ. ಬಾಣಂತಿಗೆ ನೀರ ಬೇಕಂತ ಗೋಡಿ ಮ್ಯಾಲ ಕೈ ಚಾಚಿದವ್ರಿಗೆ ಇಲ್ಲ ಅನ್ನೂದ ಹೆಂಗ, ಅದನ್ನ ಒಂದಿನಾನೂ ಹೇಳಲಿಲ್ಲಲ್ರಿ."

ಕಾಂತೇಶ ಇನ್ನೊಂದು ಕಟ್ಟಿಗೆ ಒಲೆಗೆ ತುರುಕಿ, ಊದತೊಡಗಿದ.